ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಿಡಿ

ಸೋದರಿಯರೇ, ನಿಮ್ಮನ್ನೊಂದು ಮಾತು ಕೇಳಲೇ? ನಾಳೆ ಬೆಳಿಗ್ಗೆ ನೀವು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿರುವಾಗ ಯಾರೋ ಬಂದು, "ತಗೊಳ್ಳಮ್ಮ, ಇದು ನಿಮ್ಮದು" ಎಂದು ಹತ್ತು ಲಕ್ಷ ರೂಪಾಯಿ ಕೈಗಿಟ್ಟರೆ ಏನು ಮಾಡುತ್ತೀರಿ?

ನಗಬೇಡಿ. "ನಮಗೆಲ್ಲಿ ಬರಬೇಕು ಅಂಥ ಅದೃಷ್ಟ! ತಿಂಗಳ ಕೊನೆಯಲ್ಲಿ ಸಾಸಿವೆ ಡಬ್ಬಿಯೊಳಗೆ ಚಿಲ್ಲರೆ ತಡಕುವವರು ನಾವು" ಎನ್ನುತ್ತೀರಿ ತಾನೇ? ನಾನೂ ಹಾಗೇ ಅನ್ನುತ್ತಿದ್ದೆ. ಕೈಗೆ ಬಾರದ ಹಣಕ್ಕೆ ಲೆಕ್ಕ ಬರೆಯುವವರನ್ನು ಕಂಡು ನಮ್ಮ ಹಿರಿಯರು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂದು ಗೇಲಿ ಮಾಡಿದ್ದಾರೆ. ಆದರೆ ನಾನು ಮೂವತ್ತೊಂದು ವರ್ಷ ಅಂಥದೊಂದು ಕುಲಾವಿಯನ್ನು ಹೊಲಿಯುತ್ತಲೇ ಇದ್ದೆ. ಕೂಸು ಬಂದ ದಿನ ಅದು ನನ್ನ ಮಾನವನ್ನೂ ಉಳಿಸಿತು, ನಮ್ಮಮ್ಮನ ಕಾಲನ್ನೂ ಉಳಿಸಿತು. ಆ ಕಥೆ ಹೇಳುತ್ತೇನೆ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬನ್ನಿ.

ನಾನು ಹನ್ನೆರಡು ವರ್ಷದವಳಾಗಿದ್ದಾಗಿನ ಮಾತು. 1974. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ನಾನು ತಿಪಟೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಪಕ್ಕದ ಮನೆಯವರು ಸೈಕಲ್ ಷಾಪು ಇಟ್ಟಿದ್ದರು. ಒಂದು ದಿನ ಅವರಿಗೆ ಸರ್ಕಾರದ ಲಾಟರಿಯಲ್ಲಿ 50,000 ರೂಪಾಯಿ ಬಂತು. ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 500 ರೂಪಾಯಿ ಇದ್ದ ಕಾಲ ಅದು. ಲೆಕ್ಕ ಹಾಕಿ ನೋಡಿ, ಒಂದು ಕೆ.ಜಿ. ಚಿನ್ನ!

ಇಡೀ ಬೀದಿಗೆ ಪೇಡ ಹಂಚಿದರು. ಸ್ಕೂಟರ್ ಬಂತು, ರೇಡಿಯೋ ಬಂತು. ತಂಗಿಯ ಗಂಡನಿಗೆ ಅಂಗಡಿ ಹಾಕಿಕೊಟ್ಟರು. ಸ್ನೇಹಿತನೊಬ್ಬ ಲಾರಿ ಕೊಳ್ಳಲು ಪಾಲು ಕೇಳಿದ, ಕೊಟ್ಟರು. ದೇವಸ್ಥಾನದವರು ಬಂದರು, ನಾಟಕ ಮಂಡಳಿಯವರು ಬಂದರು, ಎಂದೂ ಮುಖ ತೋರಿಸದ ದೊಡ್ಡಪ್ಪನ ಮಕ್ಕಳು ಬಂದರು. ಅವರು ಕುಡುಕರಲ್ಲ, ಜೂಜುಕೋರರಲ್ಲ. ಕೇಳಿದವರಿಗೆ ಇಲ್ಲ ಎನ್ನಲಾರದ ಸಂಭಾವಿತರು. ಎರಡೇ ವರ್ಷ! ಲಾರಿ ಎಲ್ಲಿ ಹೋಯಿತೋ, ಅಂಗಡಿ ಏನಾಯಿತೋ. ಕೊನೆಗೆ ಸ್ಕೂಟರನ್ನೂ ಮಾರಿ ಮತ್ತೆ ಪಂಕ್ಚರ್ ಹಾಕಲು ಕುಳಿತರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಅವರಲ್ಲ, ಅವರ ಹೆಂಡತಿ. ಆಕೆಗೆ ಇದ್ದದ್ದು ಒಂದೇ ಆಸೆ, ಮನೆಗೊಂದು ನಲ್ಲಿ. "ಮೊದಲು ನಲ್ಲಿ ಹಾಕಿಸ್ತೀವಿ ಕಣ್ರೀ" ಎಂದು ನಮ್ಮತ್ತೆಯ ಹತ್ತಿರ ಹೇಳಿದ್ದನ್ನು ನಾನೇ ಕೇಳಿದ್ದೆ. ಆಕೆ ಸ್ಕೂಟರ್ ಬಂದಾಗಲೂ ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದರು. ಸ್ಕೂಟರ್ ಹೋದಾಗಲೂ ಅಲ್ಲೇ ನಿಂತಿದ್ದರು. ನಲ್ಲಿ ಬೇಡವೆಂದು ಯಾರೂ ಹೇಳಲಿಲ್ಲ. 'ಅದೇನು ದೊಡ್ಡದು, ಆಮೇಲೆ ಹಾಕಿಸಿದರಾಯಿತು' ಎಂದರು, ಅಷ್ಟೇ.

ಮುಂದೆ 1984ರಲ್ಲಿ ನಾನು ಮದುವೆಯಾಗಿ ಅರಸೀಕೆರೆಗೆ ಬಂದೆ. ನಮ್ಮವರು ಹೈಸ್ಕೂಲ್ ಮೇಷ್ಟ್ರು. 1986ರ ಒಂದು ರಾತ್ರಿ, ಕರೆಂಟು ಹೋಗಿ ಸೀಮೆಎಣ್ಣೆ ದೀಪ ಹಚ್ಚಿದ್ದೆವು. ಇವರು ಜೇಬಿನಿಂದ ಲಾಟರಿ ಚೀಟಿ ತೆಗೆದು, "ನೋಡೇ, ಇದಕ್ಕೆ ಒಂದು ಲಕ್ಷ ಬಂದರೆ ಏನು ಮಾಡ್ತೀಯ? ನೀನೊಂದು ಪಟ್ಟಿ ಬರಿ, ನಾನೊಂದು ಬರೀತೀನಿ" ಎಂದರು. ಆಟ ತಾನೇ? ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇಬ್ಬರೂ ಬರೆದೆವು.

ಮರುದಿನ ಬೆಳಿಗ್ಗೆ ಹಾಲಿನವನಿಗೆ ಲೆಕ್ಕ ಹೇಳಲು ಪುಸ್ತಕ ತೆರೆದ ನಮ್ಮತ್ತೆಯ ಕಣ್ಣಿಗೆ ಆ ಎರಡು ಪಟ್ಟಿಗಳು ಬಿದ್ದವು. ನನಗೋ ನಾಚಿಕೆ, ಭಯ. 'ಹಗಲುಗನಸು ಕಾಣ್ತಾರೆ' ಎಂದು ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನಿಧಾನವಾಗಿ ಓದಿದರು. ಮಗನ ಪಟ್ಟಿಯಲ್ಲಿ ಸೈಟು, ತಂಗಿಯ ಮದುವೆಯ ಸಾಲ, ಸ್ಕೂಟರ್ ಇದ್ದವು. ನನ್ನದರಲ್ಲಿ ಅತ್ತೆಯ ಕಣ್ಣಿನ ಆಪರೇಷನ್, ಅಪ್ಪನಿಗೆ ಪಂಪ್‌ಸೆಟ್, ಇವರಿಗೆ ಕೈಗಡಿಯಾರ, ಮಗುವಿಗೆ ಬೆಳ್ಳಿ ಲೋಟ.

"ಎಲ್ಲಾ ಸರಿ. ಅವನ ಪಟ್ಟೀಲೂ ನೀನಿಲ್ಲ, ನಿನ್ನ ಪಟ್ಟೀಲೂ ನೀನಿಲ್ಲವಲ್ಲೇ?" ಎಂದರು.

ನಾನು ತಬ್ಬಿಬ್ಬಾದೆ. ಆಗ ಅವರು ತಮ್ಮ ಕಥೆ ಹೇಳಿದರು. ನಮ್ಮ ಮಾವನವರು ರೈಲ್ವೆಯಲ್ಲಿದ್ದರು. 1968ರಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಅತ್ತೆಯ ಕೈಗೆ ಬಂದ ಹಣ 4,000 ರೂಪಾಯಿ. ಜೀವನದಲ್ಲಿ ಅಷ್ಟು ಹಣವನ್ನು ಅವರು ಒಟ್ಟಿಗೆ ನೋಡಿದ್ದೇ ಅಲ್ಲ. ವರ್ಷಾಬ್ದಿಕವೂ ಆಗಿರಲಿಲ್ಲ, ಮೈದುನ ಬಂದು, "ಅತ್ತಿಗೆ, ಕೊಬ್ಬರಿ ವ್ಯಾಪಾರಕ್ಕೆ ಹಾಕೋಣ, ತಿಂಗಳು ತಿಂಗಳು ಬಡ್ಡಿ ಕೊಡ್ತೀನಿ" ಎಂದರು. ಅತ್ತೆ ಹೂಂ ಎಂದರು. ಮೂರು ತಿಂಗಳು ಬಡ್ಡಿ ಬಂತು. ಅನಂತರ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಹಪ್ಪಳ ಸಂಡಿಗೆ ಮಾರಿ ಮಕ್ಕಳನ್ನು ಓದಿಸಿದರು.

"ಗೊತ್ತಿದ್ದು ಕೊಟ್ಟಿದ್ರೆ ದಾನ ಅಂತಿದ್ದೆ. ಏನೂ ಗೊತ್ತಿಲ್ಲದೆ ಕೊಟ್ಟೆ. ದುಡ್ಡು ಬಂದ ದಿನ ಬುದ್ಧಿ ಇರಲ್ಲ ಕಣೇ. ಬುದ್ಧಿ ಇರೋ ದಿನ ಬರೆದಿಟ್ಕೋ" ಎಂದರು ಅತ್ತೆ.

ಸೋದರಿಯರೇ, ಈ ಮಾತನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ದಿಢೀರ್ ಹಣ ಎಂದರೆ ನಮಗೆ ಲಾಟರಿಯೇ ನೆನಪಾಗುತ್ತದೆ. ಆದರೆ ನಮ್ಮಂಥವರ ಮನೆಗೆ ಅದು ಬರುವ ದಾರಿಯೇ ಬೇರೆ. ಗಂಡ ತೀರಿಕೊಂಡಾಗ ಬರುವ ವಿಮೆ, ಗ್ರ್ಯಾಚುಯಿಟಿ, ಅಪಘಾತದ ಪರಿಹಾರ, ತವರಿನ ಆಸ್ತಿಯ ಪಾಲು, ರಸ್ತೆಗೋ ಅಣೆಕಟ್ಟಿಗೋ ಹೋದ ಭೂಮಿಯ ಬೆಲೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದರು, ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದರು, ಕೃಷ್ಣೆಗೆ ಆಲಮಟ್ಟಿ ಕಟ್ಟಿದರು. ಒಂದೊಂದು ಸಲವೂ ಎಷ್ಟು ಮನೆಗಳಿಗೆ ಒಂದೇ ಸಲ ಹಣ ಬಂತು, ಅದರ ಜೊತೆಗೇ ಮನೆ ಹೋಯಿತು! ನಮ್ಮ ಪಾಲಿಗೆ ಅಂಥ ಹಣ ಬರುವಾಗ ಒಂದು ಕಣ್ಣಿನಲ್ಲಿ ನೀರಿರುತ್ತದೆ. ಕಣ್ಣಲ್ಲಿ ನೀರಿದ್ದಾಗ ಅಕ್ಷರ ಕಾಣುವುದಿಲ್ಲ. ಯಾರು ಎಲ್ಲಿ ಸಹಿ ಹಾಕು ಎಂದರೂ ಹಾಕಿಬಿಡುತ್ತೇವೆ.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಪ್ರತಿ ಯುಗಾದಿಯ ಸಂಜೆ, ಪಂಚಾಂಗ ಶ್ರವಣವಾದ ಮೇಲೆ, ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಹೊಸ ಪಟ್ಟಿ ಬರೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು, "ನಿನ್ನದೇನು ಬರೆದೆ?" ಎಂದು ಕೇಳುತ್ತಿದ್ದರು. ಮೊದಲ ವರ್ಷ ಎಷ್ಟು ಹೊತ್ತು ಯೋಚಿಸಿದರೂ ನನಗೇನು ಬೇಕೆಂದು ಹೊಳೆಯಲಿಲ್ಲ! ಕೊನೆಗೆ, ಸಂಕೋಚದಿಂದ, 'ಸಮುದ್ರ ನೋಡುವುದು' ಎಂದು ಬರೆದೆ. ನಾನು ಸಮುದ್ರವನ್ನೇ ಕಂಡವಳಲ್ಲ.

ಪ್ರತಿ ವರ್ಷವೂ ಪಟ್ಟಿ ಬದಲಾಗುತ್ತಿತ್ತು. ಹೊಲಿಗೆ ಯಂತ್ರ ಬಂದು ಹೋಯಿತು, ಮಿಕ್ಸಿ ಬಂದು ಹೋಯಿತು, ಮಗನ ಕಾಲೇಜು ಫೀಜು ಬಂತು, ಮಗಳ ಓದು ಬಂತು. ಸಮುದ್ರ ಮಾತ್ರ ಅಲ್ಲೇ ಇತ್ತು. 1997ರ ಯುಗಾದಿಯಲ್ಲಿ ಅತ್ತೆ ಪಟ್ಟಿ ನೋಡಿ, "ಹನ್ನೊಂದು ವರ್ಷದಿಂದ ಬರೀತಿದ್ದೀಯಲ್ಲೇ ಇದನ್ನ, ಇದಕ್ಕೆಷ್ಟಾಗತ್ತೆ?" ಎಂದರು. ಲೆಕ್ಕ ಹಾಕಿದೆವು. ಬಸ್ ಚಾರ್ಜು, ಛತ್ರ, ಊಟ ಎಲ್ಲಾ ಸೇರಿ ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಯೂ ಆಗಲಿಲ್ಲ! ಆ ಬೇಸಿಗೆ ರಜೆಯಲ್ಲಿ ಐದೂ ಜನ ಗೋಕರ್ಣಕ್ಕೆ ಹೋಗಿ ಬಂದೆವು. ಲಾಟರಿ ಟಿಕೆಟ್ಟು ಹೊಡೆಯಲೇ ಇಲ್ಲ, ಬಸ್ ಟಿಕೆಟ್ಟೇ ಸಾಕಾಯಿತು. ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ಸೀರೆ ಎತ್ತಿ ಹಿಡಿದು ಮಗುವಿನಂತೆ ನಕ್ಕದ್ದು ಈಗಲೂ ಕಣ್ಣ ಮುಂದಿದೆ.

ಇದು ಪಟ್ಟಿಯ ಮೊದಲ ಉಪಕಾರ. ಹಣ ಬಂದರೆ ಮಾಡೋಣ ಎಂದುಕೊಂಡು ಮುಂದೂಡುತ್ತಾ ಬಂದದ್ದರಲ್ಲಿ ಅರ್ಧಕ್ಕೆ ಹಣವೇ ಬೇಕಿರುವುದಿಲ್ಲ. ಬರೆದು ನೋಡಿದರೆ ಗೊತ್ತಾಗುತ್ತದೆ.

ಎರಡನೆಯ ಉಪಕಾರ ಗೊತ್ತಾಗಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. ಅತ್ತೆ 2001ರಲ್ಲಿ ಹೋಗಿಬಿಟ್ಟರು. ನಮ್ಮಪ್ಪ 2009ರಲ್ಲಿ ತೀರಿಕೊಂಡರು. ತವರಿನ ತೆಂಗಿನ ತೋಟ ಭಾಗವಾಗಿರಲಿಲ್ಲ. ತಮ್ಮ ನೋಡಿಕೊಳ್ಳುತ್ತಿದ್ದ, ಅಮ್ಮ ಅವನ ಜೊತೆಗಿದ್ದಳು. ನಾನಾಗಲೀ ತಂಗಿಯಾಗಲೀ ಕೇಳಿದವರಲ್ಲ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತಂದು ಕೊಟ್ಟರೆ ನಮಗೆ ಅದೇ ಆಸ್ತಿ.

ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವಾಗ ಆ ತೋಟದಲ್ಲಿ ಒಂದೂಕಾಲು ಎಕರೆ ರಸ್ತೆಗೆ ಹೋಯಿತು. 2013ರ ಭೂಸ್ವಾಧೀನ ಕಾಯಿದೆಯ ಲೆಕ್ಕದಂತೆ, ಕಟ್ಟಿದ ಬೆಲೆಯ ಮೇಲೆ ಅಷ್ಟೇ ಮೊತ್ತವನ್ನು ಇನ್ನೊಮ್ಮೆ ಸೇರಿಸಿ ಕೊಡಬೇಕು. ಮರಗಳಿಗೆ ಬೇರೆ ಬೆಲೆ. ಎಲ್ಲಾ ಕೂಡಿ 48 ಲಕ್ಷ ರೂಪಾಯಿ ಆಯಿತು. ಅಪ್ಪ ಬದುಕಿದ್ದರೆ ಆ ಸಂಖ್ಯೆಯನ್ನು ಬೆರಳು ಮಡಿಸಿ ಎಣಿಸುತ್ತಿದ್ದರೇನೋ!

2017ರ ಕಾರ್ತೀಕ ಮಾಸದ ಒಂದು ಸಂಜೆ ತಮ್ಮ ಮನೆಗೆ ಬಂದ. ಕೈಯಲ್ಲಿ ಎಂದಿನಂತೆ ಹತ್ತು ತೆಂಗಿನಕಾಯಿ, ಬಾಳೆಗೊನೆ. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಛಾಪಾಕಾಗದ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಅಕ್ಕ, ಒಂದು ಸಹಿ ಬೇಕಿತ್ತು. ಹಕ್ಕು ಬಿಟ್ಟುಕೊಟ್ಟ ಹಾಗೆ. ನಿಂಗೂ ತಂಗಿಗೂ ಅರಿಸಿನ ಕುಂಕುಮಕ್ಕೆ ಅಂತ ಐವತ್ತೈವತ್ತು ಸಾವಿರ ಕೊಡ್ತೀನಿ. ಮನೆ ಕಟ್ಟಬೇಕು, ಸಾಲ ಇದೆ, ನಿಂಗೇ ಗೊತ್ತಲ್ಲ" ಎಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿತು. ನಾನು ಎತ್ತಿ ಆಡಿಸಿದ ಹುಡುಗ. ಪೆನ್ನು ಅವನ ಜೇಬಿನಲ್ಲೇ ಇತ್ತು. ಕೈ ಚಾಚಿದ್ದೆ, ನಿಜ ಹೇಳುತ್ತೇನೆ. ಆ ಕ್ಷಣದಲ್ಲಿ, "ನಾಳೆ ಬೆಳಿಗ್ಗೆ ಹಾಕ್ತೀನಿ ಕಣೋ, ಈಗ ದೀಪ ಹಚ್ಚೋ ಹೊತ್ತು" ಎಂದು ಯಾಕೆ ಹೇಳಿದೆನೋ!

ಇವರನ್ನು ಕೇಳಿದರೆ, "ನಿಮ್ಮ ತವರಿನ ವಿಷಯ, ನೀನೇ ತೀರ್ಮಾನ ಮಾಡು" ಎಂದು ಪೇಪರ್ ಬಿಡಿಸಿಕೊಂಡು ಕುಳಿತರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲಿನ ಪುಸ್ತಕ ತೆಗೆದೆ. ಆ ವರ್ಷದ ಯುಗಾದಿಯ ಪಟ್ಟಿ, ನನ್ನದೇ ಅಕ್ಷರ. ಒಂದು: ಅಮ್ಮನ ಹೆಸರಿಗೆ ಹಣ ಇಡಬೇಕು, ಅವಳು ಯಾರ ಮುಂದೂ ಕೈ ಚಾಚಬಾರದು. ಎರಡು: ಮಗಳ ಓದಿಗೆ ಮಾಡಿದ ಬ್ಯಾಂಕ್ ಸಾಲ. ಮೂರು: ಆರು ತಿಂಗಳು ಏನನ್ನೂ ಕೊಳ್ಳಬಾರದು. ನಾಲ್ಕು: ಕೇಳಿದವರಿಗೆ ಕೊಡಲು ನೂರಕ್ಕೆ ಹತ್ತು, ಅದಕ್ಕಿಂತ ಹೆಚ್ಚಿಲ್ಲ. ಐದು: ನನ್ನ ಹಲ್ಲು ಕಟ್ಟಿಸುವುದು.

ಆ ಪುಟ ಬರೆದಾಗ ತಮ್ಮ ಎದುರಿಗೆ ಕೂತಿರಲಿಲ್ಲ. ಅವನ ಕಣ್ಣು ತುಂಬಿರಲಿಲ್ಲ. 48 ಲಕ್ಷ ಎಂಬ ಮಾತೇ ಹುಟ್ಟಿರಲಿಲ್ಲ. ತಣ್ಣನೆಯ ಮನಸ್ಸಿನಲ್ಲಿ ನನಗೆ ಮೊದಲು ತೋಚಿದ್ದು ಅಮ್ಮ. ಛಾಪಾಕಾಗದದಲ್ಲಿ ಅಮ್ಮನ ಹೆಸರು ಎಲ್ಲಿತ್ತು? ಅವಳೂ ಹೆಬ್ಬೆಟ್ಟು ಒತ್ತಬೇಕಾದವರ ಸಾಲಿನಲ್ಲೇ ಇದ್ದಳು.

ಬೆಳಿಗ್ಗೆ ತಮ್ಮನಿಗೆ ಹೇಳಿದೆ: "ನಾನು ಸಹಿ ಹಾಕಲ್ಲ ಅಂತಿಲ್ಲ. ಅಮ್ಮ, ನೀನು, ನಾನು, ತಂಗಿ ನಾಲ್ಕು ಜನ ಒಟ್ಟಿಗೆ ಕೂತ್ಕೊಳ್ಳೋಣ. ಅಮ್ಮನ ಪಾಲು ಅಮ್ಮನ ಹೆಸರಿಗೇ ಬರಬೇಕು. ಆಮೇಲೆ ಮಿಕ್ಕಿದ್ದು."

ಅವನ ಮುಖ ಕಪ್ಪಿಟ್ಟಿತು. "ಇಷ್ಟು ವರ್ಷ ತೋಟ ನೋಡಿಕೊಂಡವನು ನಾನು. ಮದುವೆ ಮಾಡಿಕೊಟ್ಟಾಗಲೇ ನಿಮ್ಮದೆಲ್ಲಾ ಮುಗೀತು ಅಂತ ಅಪ್ಪ ಹೇಳಿರಲಿಲ್ವಾ?" ಎಂದ. ಒಂದು ಕಾಲಕ್ಕೆ ಕಾನೂನೂ ಹಾಗೇ ಅನ್ನುತ್ತಿತ್ತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟರೂ, ಅಷ್ಟರಲ್ಲಿ ಮದುವೆಯಾಗಿದ್ದ ನನ್ನಂಥವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2005ರ ತಿದ್ದುಪಡಿಯ ವಿಷಯ ತಮ್ಮನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ತಾನೇ ಸಹಿ ಕೇಳಲು ಬಂದದ್ದು!

ಎರಡು ತಿಂಗಳು ಮಾತುಕತೆ, ಮುನಿಸು, ನೆಂಟರ ಪಂಚಾಯಿತಿ. ಕೊನೆಗೆ ಹೀಗೆ ತೀರ್ಮಾನವಾಯಿತು: ನಾಲ್ಕು ಸಮಪಾಲು, ತಲೆಗೆ 12 ಲಕ್ಷ. ತಮ್ಮ ಇಷ್ಟು ವರ್ಷ ಗಿಡಕ್ಕೆ ನೀರು ಹಾಕಿದವನು, ಅಮ್ಮನಿಗೆ ಅನ್ನ ಹಾಕಿದವನು. ಅದಕ್ಕೆ ನಾನೂ ತಂಗಿಯೂ ನಮ್ಮ ಪಾಲಿನಲ್ಲಿ ಎರಡೆರಡು ಲಕ್ಷವನ್ನು ಅವನಿಗೆ ಬಿಟ್ಟೆವು. ಅವನಿಗೆ 16, ಅಮ್ಮನಿಗೆ 12, ನಮಗೆ ಹತ್ತು ಹತ್ತು. ಹಣ ಬಂತು. ತಮ್ಮ ಬರಲಿಲ್ಲ.

2018ರ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. 2019ಕ್ಕೂ ಬರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಮುಂದೆ ಬೈಕ್ ನಿಂತ ಸದ್ದಾದರೂ ಬಾಗಿಲಿಗೆ ಓಡುತ್ತಿದ್ದೆ. ಹತ್ತು ಲಕ್ಷ ಬ್ಯಾಂಕಿನಲ್ಲಿತ್ತು. ಒಂದು ಮೊರದ ಬಾಗಿನವಿಲ್ಲದೆ ಅದು ನನಗೆ ಹುಣಿಸೆ ಬೀಜದಂತೆ ಕಾಣುತ್ತಿತ್ತು. ಸಹಿ ಹಾಕಿಬಿಡಬೇಕಿತ್ತೇ ಎಂದು ಎಷ್ಟು ರಾತ್ರಿ ಹೊರಳಾಡಿದೆನೋ!

2020ರ ಜನವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್, ಆಸ್ಪತ್ರೆ, ಔಷಧಿ ಎಲ್ಲಾ ಸೇರಿ ಎರಡೂವರೆ ಲಕ್ಷವಾಯಿತು. ತಮ್ಮನ ಹಣ ಅಷ್ಟರಲ್ಲಿ ಅರ್ಧ ಕಟ್ಟಿದ ಮನೆಯ ಗೋಡೆಗಳಲ್ಲಿತ್ತು. ಆಸ್ಪತ್ರೆಯ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಅಮ್ಮ ಹಾಸಿಗೆಯಲ್ಲಿದ್ದುಕೊಂಡೇ, "ನನ್ನ ಪಾಸ್‌ಬುಕ್ ತಗೊಂಬಾರೋ. ನನ್ನ ದುಡ್ಡಲ್ಲಿ ನನ್ನ ಕಾಲು ರಿಪೇರಿ ಆಗಲಿ" ಎಂದಳು. ಅಂದು ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಆ ವರ್ಷದ ಗೌರಿ ಹಬ್ಬ ಕೊರೋನಾ ದಿನಗಳಲ್ಲಿ ಬಂತು. ಗೇಟಿನ ಆಚೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಯಾರೋ ನಿಂತಿದ್ದರು. ಕೈಯಲ್ಲಿ ಮೊರ. "ಒಳಗೆ ಬರಲ್ಲ ಅಕ್ಕ, ಬಸ್ಸಲ್ಲಿ ಬಂದಿದ್ದೀನಿ" ಎಂದು ಜಗುಲಿಯ ಮೇಲೆ ಬಾಗಿನವಿಟ್ಟ. ಎಲ್ಲಾ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ನಾದಿನಿ ಇಂದಿಗೂ ನನ್ನೊಡನೆ ಅಳೆದು ತೂಗಿ ಮಾತಾಡುತ್ತಾಳೆ. ಆದರೆ ಅಮ್ಮ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾಳೆ, ಬಾಗಿನ ಪ್ರತಿ ವರ್ಷವೂ ಬರುತ್ತದೆ.

ಇನ್ನು ನನ್ನ ಪೆದ್ದುತನವನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ 'ಆರು ತಿಂಗಳು ಏನೂ ಬೇಡ' ಎಂದು ಬರೆದವಳು ನಾನೇ, ಎರಡನೆಯ ತಿಂಗಳಲ್ಲೇ ಇವರ ಕಡೆಯ ನೆಂಟರೊಬ್ಬರಿಗೆ 2 ಲಕ್ಷ ಕೈಸಾಲ ಕೊಟ್ಟವಳೂ ನಾನೇ. ಚೀಟಿ ಇಲ್ಲ, ಸಾಕ್ಷಿ ಇಲ್ಲ. 'ನೂರಕ್ಕೆ ಹತ್ತು' ಎಂಬ ಮಿತಿಯನ್ನೂ ಮೀರಿದೆ. ಆ ಹಣ ಇಂದಿಗೂ ಬಂದಿಲ್ಲ. ಅವರು ದಾರಿಯಲ್ಲಿ ಸಿಕ್ಕರೆ ಅವರಿಗಿಂತ ಮೊದಲು ನಾನೇ ತಲೆ ತಗ್ಗಿಸುತ್ತೇನೆ! ಬರೆದರೆ ಸಾಲದು, ಬರೆದದ್ದನ್ನು ತೆರೆದು ನೋಡಬೇಕು.

ನೀವೂ ಪಟ್ಟಿ ಬರೆಯುವುದಾದರೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು ಕೇಳಿ.

ಮೊದಲು ಸಾಲ ತೀರಿಸಿ. ಅದರಲ್ಲೂ ಹೆಚ್ಚು ಬಡ್ಡಿಯ ಕೈಸಾಲ, ಅಡವಿಟ್ಟ ಒಡವೆ. ಯಾವ ಬ್ಯಾಂಕಿನ ಠೇವಣಿಯೂ ಕೈಸಾಲದ ಬಡ್ಡಿಯಷ್ಟು ದುಡಿದುಕೊಡುವುದಿಲ್ಲ.

ಮಿಕ್ಕಿದ್ದನ್ನು ಆರು ತಿಂಗಳು ಠೇವಣಿ ಇಟ್ಟು ಕೈ ಕಟ್ಟಿಕೊಂಡು ಕೂತಿರಿ. ಒಂದೇ ಬ್ಯಾಂಕಿನಲ್ಲಿ ಎಲ್ಲವನ್ನೂ ಸುರಿಯಬೇಡಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಸಿಗುವ ವಿಮೆಯ ಮೊತ್ತ 1993ರಿಂದ 1 ಲಕ್ಷವಿತ್ತು. ಅದನ್ನು 2020ರ ಫೆಬ್ರವರಿಯಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷಕ್ಕೆ ಏರಿಸಿದರು. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿಟ್ಟರೂ ಲೆಕ್ಕ ಒಂದೇ. ಪತ್ತಿನ ಸಹಕಾರ ಸಂಘ, ಸೌಹಾರ್ದ, ಚೀಟಿ, ಫೈನಾನ್ಸು ಇವುಗಳಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲವೇ ಇಲ್ಲ. ನೂರಕ್ಕೆ ಒಂದೋ ಎರಡೋ ರೂಪಾಯಿ ಹೆಚ್ಚಿನ ಬಡ್ಡಿ ತೋರಿಸಿ ಕರೆದಾಗ ಇದನ್ನು ನೆನೆಯಿರಿ. ಅಂಚೆ ಕಛೇರಿಯ ಉಳಿತಾಯಕ್ಕೆ ಸರ್ಕಾರವೇ ಹೊಣೆ. ನನಗೆ 2022ರಲ್ಲಿ ಅರವತ್ತು ತುಂಬಿದಾಗ ಅಲ್ಲಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಣ ಹಾಕಿದೆ. ಐದು ವರ್ಷದ ಠೇವಣಿ, ಮೂರು ತಿಂಗಳಿಗೊಮ್ಮೆ ಬಡ್ಡಿ. ಆ ಬಡ್ಡಿ ಬಂದ ದಿನ ನಾನು ಇವರ ಮುಂದೆ ಸ್ವಲ್ಪ ಸೆಟೆದುಕೊಂಡೇ ಓಡಾಡುತ್ತೇನೆ!

ಹೆಣ್ಣಿನ ಪಾಲಿಗೆ ಬಂದ ಆಸ್ತಿ ಅವಳದೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ನಾಮಿನಿ ಹೆಸರು ಬರೆಸಿ; ಆದರೆ ಬ್ಯಾಂಕ್ ಠೇವಣಿಗೆ ನಾಮಿನಿಯಾದವರು ಹಣ ಪಡೆಯುವವರು ಮಾತ್ರ, ಅಷ್ಟರಿಂದಲೇ ಒಡೆಯರಾಗುವುದಿಲ್ಲ. ನಿಮ್ಮ ಇಚ್ಛೆ ನಡೆಯಬೇಕಾದರೆ ವಿಲ್ ಬರೆಯಿರಿ. ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿದರೆ ಸಾಕು. ರಿಜಿಸ್ಟರ್ ಮಾಡಿಸಿದರೆ ಒಳ್ಳೆಯದು, ಕಡ್ಡಾಯವೇನಿಲ್ಲ.

ಇನ್ನು ಮೊಬೈಲಿಗೆ ಬರುವ ಅದೃಷ್ಟ. 'ನಿಮಗೆ 25 ಲಕ್ಷದ ಲಾಟರಿ ಬಂದಿದೆ, ತೆರಿಗೆ ಕಟ್ಟಿ' ಎಂದರೆ ನಂಬಲೇಬೇಡಿ. ನಮ್ಮ ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು. ಕೊಳ್ಳದ ಚೀಟಿಗೆ ಬಹುಮಾನ ಎಲ್ಲಿಂದ ಬಂದೀತು? ಕೇರಳದಂಥ ಕಡೆ ನಿಜವಾದ ಲಾಟರಿ ಹೊಡೆದರೂ ನೂರಕ್ಕೆ ಮೂವತ್ತರಷ್ಟು ತೆರಿಗೆಯನ್ನು ಮುರಿದುಕೊಂಡೇ ಮಿಕ್ಕಿದ್ದನ್ನು ಕೊಡುತ್ತಾರೆ. ನಮ್ಮಿಂದ ಮುಂಗಡ ಕೇಳುವುದಿಲ್ಲ. ಅಪ್ಪಿತಪ್ಪಿ ಮೋಸ ಹೋದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೇಳಿಕೊಂಡು ಬರುವವರಿಗೆ ಏನು ಹೇಳುವುದು? ಬರೆದಿಟ್ಟ ಪಟ್ಟಿ ಇದ್ದರೆ ಸುಳ್ಳು ಹೇಳಬೇಕಾಗಿಲ್ಲ. "ಅಯ್ಯೋ, ಅದು ಇಂತಿಂಥದಕ್ಕೆ ಅಂತ ಆಗಲೇ ಗೊತ್ತು ಮಾಡಿಟ್ಟಾಗಿದೆ ಕಣ್ರೀ" ಎಂದರಾಯಿತು. ಕೊಡುವ ಮನಸ್ಸಿದ್ದರೆ ನಿಮ್ಮ ಮಿತಿಯೊಳಗೆ ಕೊಡಿ, ಮತ್ತೆ ಬರುವುದಿಲ್ಲವೆಂದು ತಿಳಿದೇ ಕೊಡಿ. ನಮ್ಮತ್ತೆ ಹೇಳಿದ ಹಾಗೆ, ಗೊತ್ತಿದ್ದು ಕೊಟ್ಟರೆ ದಾನ.

ಕಡೆಯದಾಗಿ, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಸಾಲು ಬರೆಯಿರಿ. ಇದೇ ಎಲ್ಲಕ್ಕಿಂತ ಕಷ್ಟ, ನನಗೆ ಗೊತ್ತು. ನಾನು ಹಲ್ಲು ಕಟ್ಟಿಸಿಕೊಂಡೆ. ಹುರಿಗಡಲೆಯನ್ನು ಕಟುಂ ಎಂದು ಕಡಿದ ಮೊದಲ ದಿನ, ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ.

ಹಣ ಬಂದರೂ ಬರಬಹುದು, ಬಾರದಿದ್ದರೂ ನಷ್ಟವಿಲ್ಲ. ಹಾಳೆ ನಿಮ್ಮದು, ಪೆನ್ಸಿಲ್ ನಿಮ್ಮದು. ಇವತ್ತು ರಾತ್ರಿ ಪಾತ್ರೆ ತೊಳೆದಿಟ್ಟು, ಹಾಲಿಗೆ ಹೆಪ್ಪು ಹಾಕಿದ ಮೇಲೆ ಹತ್ತು ನಿಮಿಷ ಕೂತು ಬರೆಯಿರಿ. ಸೈಕಲ್ ಷಾಪಿನವರ ಹೆಂಡತಿಗೆ ಬೇಕಾಗಿದ್ದದ್ದು ಒಂದೇ ಒಂದು ನಲ್ಲಿ. ಅದನ್ನು ಯಾರಾದರೂ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ, ಆ 50,000ದಲ್ಲಿ ಅಷ್ಟಾದರೂ ಉಳಿಯುತ್ತಿತ್ತೇನೋ.

ನಿಮ್ಮ ನಲ್ಲಿ ಯಾವುದು, ಯೋಚಿಸಿದ್ದೀರಾ?